ಇಬ್ರಾಹೀಮರ ಮಗ ಮತ್ತು ಅಮಾಲೇಕ್ಯರ ಶಿಶುಗಳು

ದೇವಾಜ್ಞೆಯ ಪಾಲನೆಯೇ ಧರ್ಮನಿಷ್ಠೆಯ ತಿರುಳು ಎಂಬುದರಲ್ಲಿ ವಿಶ್ವಾಸಿಗಳ ನಡುವೆ ಭಿನ್ನಾಭಿಪ್ರಾಯವಿಲ್ಲ. ಯಹೂದಿಯರು, ಕ್ರೈಸ್ತರು, ಮುಸ್ಲಿಮರು ಮೂವರೂ ಇದನ್ನು ಒಪ್ಪುತ್ತಾರೆ. ಆದರೆ ಆಜ್ಞೆಯೆಂದು ಗ್ರಂಥದಲ್ಲಿ ದಾಖಲಾಗಿರುವ ಮಾತೇ ಎದೆ ನಡುಗಿಸುವಂತಿದ್ದರೆ ಏನು ಮಾಡಬೇಕು? ಅದನ್ನು ಇಂದು ಯಾರಾದರೂ ಕೈಗೆತ್ತಿಕೊಂಡು, ನಾನು ದೇವನ ಅಪ್ಪಣೆಯನ್ನೇ ನೆರವೇರಿಸುತ್ತಿದ್ದೇನೆ ಎಂದು ಹೊರಟರೆ ಅವನಿಗೆ ಏನು ಉತ್ತರ ಹೇಳಬೇಕು? ಇದು ಪಂಡಿತರು ಗ್ರಂಥಾಲಯದಲ್ಲಿ ಕುಳಿತು ಬಿಡಿಸಬೇಕಾದ ಒಗಟಲ್ಲ. ಗಾಝಾದ ಅವಶೇಷಗಳಡಿಯಿಂದ ಮಕ್ಕಳ ಶವಗಳನ್ನು ಎತ್ತಿದ ಕಾಲದಲ್ಲಿ ಬದುಕುತ್ತಿರುವ ನಮ್ಮೆಲ್ಲರ ಮುಂದೆ ಇರುವ ಪ್ರಶ್ನೆಯಿದು.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾದರು. ಅವರಲ್ಲಿ ಹೆಚ್ಚಿನವರು ನಾಗರಿಕರು. ಮೂರು ವಾರಗಳ ಬಳಿಕ, ಅಕ್ಟೋಬರ್ 28ರಂದು, ಗಾಝಾದೊಳಗೆ ಭೂಸೇನೆ ನುಗ್ಗಿದ ಸಂದರ್ಭದಲ್ಲಿ ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ತನ್ನ ಜನತೆಯನ್ನುದ್ದೇಶಿಸಿ ಮಾತನಾಡಿದರು. ಅಮಾಲೇಕ್ಯರು ನಿಮಗೆ ಮಾಡಿದ್ದನ್ನು ನೆನಪಿಟ್ಟುಕೊಳ್ಳಿ ಎಂಬ ಬೈಬಲಿನ ಆದೇಶವನ್ನು ಆ ಭಾಷಣದಲ್ಲಿ ಅವರು ಸ್ಮರಿಸಿದರು. ಅದೇ ವರ್ಷದ ಡಿಸೆಂಬರ್ 29ರಂದು ದಕ್ಷಿಣ ಆಫ್ರಿಕವು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಇಸ್ರೇಲಿನ ವಿರುದ್ಧ ಜನಾಂಗಹತ್ಯೆಯ ದಾವೆ ಹೂಡಿದಾಗ ಈ ಮಾತನ್ನೂ ಸಾಕ್ಷ್ಯವಾಗಿ ಮುಂದಿಟ್ಟಿತು. ಪ್ರಧಾನಿಯವರು ಹೇಳಿದ್ದು ಹಮಾಸ್ ಬಗ್ಗೆ ಮಾತ್ರ, ಅದೇ ವಾಕ್ಯವು ಯಹೂದಿ ನರಮೇಧದ ಸ್ಮಾರಕಗಳಲ್ಲೂ ಇದೆ ಎಂದು ಅವರ ಕಾರ್ಯಾಲಯ ಸಮಜಾಯಿಷಿ ನೀಡಿತು. 2024ರ ಜನವರಿ 26ರಂದು ನ್ಯಾಯಾಲಯವು ನೀಡಿದ್ದು ಅಂತಿಮ ತೀರ್ಪಲ್ಲ, ಮಧ್ಯಂತರ ಆದೇಶ. ಜನಾಂಗಹತ್ಯೆಗೆ ಬಹಿರಂಗವಾಗಿ ಪ್ರಚೋದಿಸುವವರನ್ನು ತಡೆದು ಶಿಕ್ಷಿಸಬೇಕೆಂದು ಅದು ಇಸ್ರೇಲಿಗೆ ಸೂಚಿಸಿತು. ಆಮೇಲೆಯೂ ಯುದ್ಧ ನಿಲ್ಲಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಕದನವಿರಾಮ ಘೋಷಣೆಯಾಗುವ ಹೊತ್ತಿಗೆ ಸತ್ತವರ ಸಂಖ್ಯೆ 67 ಸಾವಿರವನ್ನು ದಾಟಿತ್ತೆಂದು ಗಾಝಾದ ಆರೋಗ್ಯ ಸಚಿವಾಲಯ ಲೆಕ್ಕ ಕೊಟ್ಟಿತು. ಅವರಲ್ಲಿ ಸಾವಿರಾರು ಮಂದಿ ಮಕ್ಕಳು.

ಅಮಾಲೇಕ್ ಎಂಬ ಒಂದು ಪದ ಒಂದು ಜನತೆಯ ಕಿವಿಗೆ ಬಿದ್ದಾಗ ಅದರ ಮನಸ್ಸಿನಲ್ಲಿ ಏನು ಮೂಡುತ್ತದೆ? ಇದನ್ನು ತಿಳಿಯಲು ಹೀಬ್ರೂ ಗ್ರಂಥಗಳನ್ನೇ ತೆರೆದು ನೋಡಬೇಕು.

ವಿಮೋಚನಕಾಂಡದ ಪ್ರಕಾರ, ಈಜಿಪ್ಟಿನಿಂದ ಹೊರಟು ಬಂದ ಇಸ್ರಾಯೀಲ ಸಂತತಿಗಳ ಮೇಲೆ ಮರುಭೂಮಿಯಲ್ಲಿ ಮೊದಲು ಎರಗಿದವರು ಅಮಾಲೇಕ್ಯರು. ಬಳಲಿ ಹಿಂದುಳಿದವರನ್ನು ಅವರು ಹಿಂದಿನಿಂದ ಬಂದು ಹೊಡೆದರೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಆದ್ದರಿಂದ ಅವರ ನೆನಪನ್ನೇ ಭೂಮಿಯಿಂದ ಅಳಿಸಬೇಕು, ಇದನ್ನು ಮರೆಯಬಾರದು ಎಂಬ ಆಜ್ಞೆ ಅಲ್ಲಿದೆ. ಹಲವು ತಲೆಮಾರುಗಳು ಕಳೆದ ಮೇಲೆ ಪ್ರವಾದಿ ಸಮುವೇಲರು ಇಸ್ರಾಯೀಲರ ಪ್ರಥಮ ಅರಸ ಸೌಲನ ಬಳಿಗೆ ಬಂದು ಆ ಹಳೆಯ ಲೆಕ್ಕವನ್ನು ಚುಕ್ತಾ ಮಾಡಲು ಹೇಳುತ್ತಾರೆ. ಸಮುವೇಲನ ಮೊದಲ ಗ್ರಂಥದ 15ನೇ ಅಧ್ಯಾಯದಲ್ಲಿರುವ ಆ ಅಪ್ಪಣೆಯಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಗಂಡಸರು, ಹೆಂಗಸರು, ಮಕ್ಕಳು, ಮೊಲೆಯುಣ್ಣುವ ಕೂಸುಗಳು, ದನ, ಕುರಿ, ಒಂಟೆ, ಕತ್ತೆ, ಯಾವುದೂ ಉಳಿಯಕೂಡದು.

ಸೌಲನು ಸೈನ್ಯ ಕಟ್ಟಿಕೊಂಡು ಹೋಗುತ್ತಾನೆ. ಹಿಂದೊಮ್ಮೆ ತಮಗೆ ಉಪಕಾರ ಮಾಡಿದ್ದ ಕೇನ್ಯರನ್ನು ಎಚ್ಚರಿಸಿ ದೂರ ಕಳುಹಿಸುತ್ತಾನೆ. ಬಳಿಕ ಜನರನ್ನೆಲ್ಲ ಕತ್ತಿಗೆ ಗುರಿಮಾಡುತ್ತಾನೆ. ಆದರೆ ಅವರ ಅರಸ ಅಗಾಗನನ್ನೂ ಕೊಬ್ಬಿದ ಕುರಿ ದನಗಳನ್ನೂ ಉಳಿಸಿಕೊಳ್ಳುತ್ತಾನೆ. ಸಮುವೇಲರು ಬಂದು ಕೇಳಿದಾಗ, ಆಜ್ಞೆಯನ್ನು ಪಾಲಿಸಿದ್ದೇನೆ ಎನ್ನುತ್ತಾನೆ. ಹಾಗಾದರೆ ಕುರಿಗಳ ಅರಚಾಟ ಎಲ್ಲಿಂದ ಬಂತೆಂದು ಅವರು ಪ್ರಶ್ನಿಸುತ್ತಾರೆ. ಬಲಿಯರ್ಪಣೆಗಾಗಿ ಜನರು ಉಳಿಸಿಕೊಂಡರೆಂದು ಸೌಲನು ತಪ್ಪನ್ನು ಪ್ರಜೆಗಳ ತಲೆಗೆ ಕಟ್ಟುತ್ತಾನೆ. ಬಲಿಗಿಂತ ವಿಧೇಯತೆಯೇ ದೊಡ್ಡದೆಂದು ಸಾರಿ, ಆತನ ಅರಸೊತ್ತಿಗೆ ಮುಗಿಯಿತೆಂದು ಸಮುವೇಲರು ಘೋಷಿಸುತ್ತಾರೆ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸೌಲನು ಆಜ್ಞೆಯನ್ನು ಮೀರಿದ್ದು ಕರುಣೆಯಿಂದಲ್ಲ. ಅವನು ಒಂದೇ ಒಂದು ಶಿಶುವನ್ನೂ ಉಳಿಸಲಿಲ್ಲ. ಉಳಿಸಿದ್ದು ಅರಸನನ್ನು ಮತ್ತು ಬೆಲೆಬಾಳುವ ಜಾನುವಾರುಗಳನ್ನು. ಯುದ್ಧಗಳ ಇತಿಹಾಸದಲ್ಲಿ ಇದು ಹೊಸತೇನಲ್ಲ. ಅರಸರಿಗೆ ಅರಸರ ಮೇಲೆ ಅಭಿಮಾನವಿರುತ್ತದೆ, ಸಂಪತ್ತಿನ ಮೇಲೆ ಆಸೆಯಿರುತ್ತದೆ. ಹೆಸರಿಲ್ಲದ ಹಸುಗೂಸಿನ ಪರವಾಗಿ ಮಾತನಾಡುವವರು ಮಾತ್ರ ಇರುವುದಿಲ್ಲ. ಇದೇ ಸೌಲನು ಮುಂದೆ ದಾವೀದರ ಮೇಲಿನ ಹಗೆಯಿಂದ ನೋಬ್ ಎಂಬ ಊರಿನ 85 ಮಂದಿ ಯಾಜಕರನ್ನು ಕೊಲ್ಲಿಸಿದನು. ಆ ಊರಿನ ಹೆಂಗಸರು ಮಕ್ಕಳೂ ಉಳಿಯಲಿಲ್ಲ. ಅವರು ಅಮಾಲೇಕ್ಯರಲ್ಲ, ಅವನದೇ ಜನ. ಪರರ ಮಗುವಿನ ಮೇಲೆ ಎತ್ತಿದ ಕತ್ತಿ ಒಂದು ದಿನ ಸ್ವಂತ ಮನೆಯ ಬಾಗಿಲಿಗೂ ಬಂದೇ ಬರುತ್ತದೆ ಎಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಈಗ ಅದೇ ಗ್ರಂಥಗಳಲ್ಲಿರುವ ಇನ್ನೊಂದು ಭಯಂಕರ ಆಜ್ಞೆಯನ್ನು ನೋಡೋಣ. ಪ್ರತಿವರ್ಷ ಬಕ್ರೀದ್‌ನಲ್ಲಿ ನಾವೂ ನೆನಪಿಸುವ ಘಟನೆ ಅದು. ಆದಿಕಾಂಡದ 22ನೇ ಅಧ್ಯಾಯದಲ್ಲಿ ಪ್ರವಾದಿ ಇಬ್ರಾಹೀಮರಿಗೆ(ಅ) ತನ್ನ ಮಗನನ್ನು ಮೊರೀಯ ಪ್ರದೇಶದ ಬೆಟ್ಟದ ಮೇಲೆ ಅರ್ಪಿಸಬೇಕೆಂಬ ಅಪ್ಪಣೆಯಾಗುತ್ತದೆ. ಅವರು ಮುಂಜಾನೆಯೇ ಎದ್ದು ಕತ್ತೆಗೆ ತಡಿ ಹಾಕಿ ಹೊರಡುತ್ತಾರೆ. ಮೂರನೆಯ ದಿನ ಬೆಟ್ಟ ಕಾಣಿಸುತ್ತದೆ. ಕಟ್ಟಿಗೆಯ ಹೊರೆ ಹೊತ್ತ ಮಗ, ಬೆಂಕಿಯಿದೆ, ಕಟ್ಟಿಗೆಯಿದೆ, ಕುರಿಮರಿ ಎಲ್ಲಿ ಎಂದು ತಂದೆಯನ್ನು ಕೇಳುತ್ತಾನೆ. ಕತ್ತಿ ಎತ್ತಿದ ಕ್ಷಣದಲ್ಲಿ ದೇವದೂತನ ಧ್ವನಿ ಕೈಯನ್ನು ತಡೆಯುತ್ತದೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಬದಲಿಯಾಗುತ್ತದೆ.

ಪವಿತ್ರ ಕುರ್‌ಆನಿನ ಅಸ್ಸಾಫ್ಫಾತ್ ಅಧ್ಯಾಯದಲ್ಲಿ ಇದೇ ಘಟನೆಯ ನಿರೂಪಣೆಯಲ್ಲಿ ಮಹತ್ವದ ವ್ಯತ್ಯಾಸವಿದೆ. ಇಲ್ಲಿ ತಂದೆ ತನ್ನ ಸ್ವಪ್ನವನ್ನು ಮಗನಿಂದ ಬಚ್ಚಿಡುವುದಿಲ್ಲ. ಅದನ್ನು ಅವನ ಮುಂದಿಟ್ಟು ಅವನ ಅಭಿಪ್ರಾಯವನ್ನು ಕೇಳುತ್ತಾರೆ. ಮಗನು ಸ್ವಯಂಪ್ರೇರಣೆಯಿಂದ ಒಪ್ಪುತ್ತಾನೆ. ಆ ಮಗ ಇಸ್‌ಹಾಕರೇ(ಅ) ಇಸ್ಮಾಈಲರೇ(ಅ) ಎಂಬ ಬಗ್ಗೆ ಯಹೂದಿಯರಿಗೂ ನಮಗೂ ಭಿನ್ನಾಭಿಪ್ರಾಯವಿದೆ. ನಮ್ಮ ವ್ಯಾಖ್ಯಾನಕಾರರಲ್ಲೂ ಇಮಾಮ್ ತಬರಿಯಂಥವರು ಇಸ್‌ಹಾಕರೆಂದೇ ಅಭಿಪ್ರಾಯಪಟ್ಟಿದ್ದರು. ಅದೇನೇ ಇರಲಿ, ಹೆಸರಿನ ಚರ್ಚೆಗಿಂತ ಮುಖ್ಯವಾದುದು ಘಟನೆಯ ಅಂತ್ಯ. ಎರಡು ಗ್ರಂಥಗಳೂ ಒಂದೇ ದನಿಯಲ್ಲಿ ಹೇಳುವುದೇನೆಂದರೆ, ಆ ಮಗು ಸಾಯಲಿಲ್ಲ. ದೇವನಿಗೆ ಬೇಕಾಗಿದ್ದುದು ಮಗುವಿನ ರಕ್ತವಲ್ಲ.

ಆ ಕಾಲದ ಹಿನ್ನೆಲೆಯಲ್ಲಿ ಈ ಅಂತ್ಯದ ಬೆಲೆ ಏನೆಂದು ಅರ್ಥವಾಗುತ್ತದೆ. ಮಕ್ಕಳನ್ನು ದೇವತೆಗಳಿಗೆ ಬಲಿ ಕೊಡುವ ಪದ್ಧತಿ ಪ್ರಾಚೀನ ಕಾನಾನ್ ನಾಡಿನಲ್ಲಿತ್ತೆಂದು ಹೀಬ್ರೂ ಗ್ರಂಥಗಳೇ ತಿಳಿಸುತ್ತವೆ. ಜೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ ಮಕ್ಕಳನ್ನು ಬೆಂಕಿಗೆ ಅರ್ಪಿಸಿದವರನ್ನು ಪ್ರವಾದಿ ಯೆರೆಮೀಯ ಕಠೋರವಾಗಿ ಖಂಡಿಸಿದರು. ದೇವನು ಅಂಥದನ್ನು ಆಜ್ಞಾಪಿಸಿರಲೇ ಇಲ್ಲ, ಅದು ಅವನ ಉದ್ದೇಶವೂ ಆಗಿರಲಿಲ್ಲ ಎಂದು ಸಾರಿದರು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಫ್ತಾಹ ಎಂಬ ನಾಯಕನ ದುರಂತ ಕಥೆಯಿದೆ. ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಮೊದಲು ಎದುರಾದುದನ್ನು ಅರ್ಪಿಸುತ್ತೇನೆಂದು ಅವನು ಹರಕೆ ಹೊರುತ್ತಾನೆ. ಎದುರಾದವಳು ಅವನ ಒಬ್ಬಳೇ ಮಗಳು. ಅಲ್ಲಿ ದೇವಾಜ್ಞೆಯೂ ಇರಲಿಲ್ಲ, ತಡೆಯುವ ಧ್ವನಿಯೂ ಬರಲಿಲ್ಲ. ಇದ್ದುದು ಮನುಷ್ಯನ ಹಟ ಮಾತ್ರ.

ಇನ್ನೂ ಒಂದು ವಿಷಯ. ಮಗನ ವಿಷಯದಲ್ಲಿ ಮಾತನಾಡದೆ ಶರಣಾದ ಇದೇ ಇಬ್ರಾಹೀಮರು(ಅ) ಪರರ ಪ್ರಾಣದ ವಿಷಯ ಬಂದಾಗ ಸುಮ್ಮನಿರಲಿಲ್ಲ. ಲೂತರ(ಅ) ಊರಿನ ಮೇಲೆ ಶಿಕ್ಷೆ ಎರಗಲಿದೆಯೆಂದು ತಿಳಿದಾಗ ಅವರು ದೇವನ ಮುಂದೆ ವಾದಿಸಿದರು. ಅಲ್ಲಿ 50 ಮಂದಿ ಸಜ್ಜನರಿದ್ದರೆ? 45? 40? ಹೀಗೆ ಇಳಿಯುತ್ತಾ 10ರವರೆಗೂ ಬಂದರೆಂದು ಆದಿಕಾಂಡ ಹೇಳುತ್ತದೆ. ಅವರು ಲೂತರ ಜನಾಂಗದ ಪರವಾಗಿ ವಾದಿಸಿದ್ದನ್ನು ಕುರ್‌ಆನ್ ಕೂಡಾ ಉಲ್ಲೇಖಿಸಿ, ಅವರನ್ನು ಮೃದುಹೃದಯಿಯೆಂದು ಬಣ್ಣಿಸುತ್ತದೆ. ಅರ್ಥಾತ್, ತನ್ನದನ್ನು ತ್ಯಾಗ ಮಾಡುವ ಪ್ರಶ್ನೆ ಬಂದಾಗ ಶರಣಾಗತಿ; ಪರರ ಪ್ರಾಣದ ಪ್ರಶ್ನೆ ಬಂದಾಗ ಶಿಫಾರಸು. ಇದು ಇಬ್ರಾಹೀಮರ ಮಾರ್ಗ. ಇಂದು ಆಜ್ಞಾಪಾಲನೆಯ ಹೆಸರು ಹೇಳಿಕೊಂಡು ಹೊರಡುವವರ ರೀತಿ ಇದಕ್ಕೆ ತೀರಾ ವಿರುದ್ಧ. ಅವರು ತಮ್ಮದೇನನ್ನೂ ಬಿಟ್ಟುಕೊಡುವುದಿಲ್ಲ. ಅವರು ಅರ್ಪಿಸುವುದು ಯಾವಾಗಲೂ ಬೇರೆಯವರ ಮಕ್ಕಳನ್ನು.

ಹಾಗಾದರೆ ಯಹೂದಿ ವಿದ್ವಾಂಸರು ಅಮಾಲೇಕ್ಯರ ಆಜ್ಞೆಯನ್ನು ಹೇಗೆ ಅರ್ಥೈಸಿಕೊಂಡರು? ಇದನ್ನು ತಿಳಿಯದೆ ಮಾತನಾಡುವುದು ನ್ಯಾಯವಲ್ಲ. ತಾಲ್ಮೂದಿನಲ್ಲಿ ಸೌಲನ ಬಾಯಿಂದಲೇ ಒಂದು ಪ್ರಶ್ನೆಯನ್ನು ಹೊರಡಿಸಲಾಗಿದೆ. ದೊಡ್ಡವರು ಪಾಪ ಮಾಡಿದ್ದರೆ ಚಿಕ್ಕವರು ಏನು ಪಾಪ ಮಾಡಿದರು ಎಂಬುದೇ ಆ ಪ್ರಶ್ನೆ. ಅಲ್ಲಿ ಅವನಿಗೆ ಸಿಗುವ ಉತ್ತರ ಗದರಿಕೆಯೇ ಆಗಿದ್ದರೂ, ಪ್ರಶ್ನೆಯನ್ನು ಅಳಿಸಿ ಹಾಕದೆ ತಲೆಮಾರುಗಳಿಗೆ ಓದಿಸಿದರೆಂಬುದು ಗಮನಾರ್ಹ. ಅಸ್ಸೀರಿಯದ ದೊರೆ ಸನ್ಹೇರೀಬನು ಜನಾಂಗಗಳನ್ನೆಲ್ಲ ಕಲಸಿಬಿಟ್ಟಿದ್ದಾನೆ, ಆದ್ದರಿಂದ ಪ್ರಾಚೀನ ಶತ್ರು ಜನಾಂಗಗಳು ಯಾರೆಂದು ಇಂದು ಗುರುತಿಸುವಂತಿಲ್ಲ ಎಂಬ ತತ್ವವನ್ನು ಅವರ ಧರ್ಮಶಾಸ್ತ್ರಜ್ಞರು ರೂಪಿಸಿದರು. ಈ ತತ್ವದ ಆಧಾರದಲ್ಲಿ, ಅಮಾಲೇಕ್ಯರ ಕುರಿತ ಆಜ್ಞೆ ಈಗ ಆಚರಣೆಗೆ ಬರುವಂಥದ್ದಲ್ಲ ಎಂದು ನಂತರದ ಹಲವರು ತೀರ್ಮಾನಿಸಿದರು. ಸುಲ್ತಾನ್ ಸಲಾಹುದ್ದೀನರ ಆಸ್ಥಾನ ವಲಯದಲ್ಲಿ ವೈದ್ಯರಾಗಿದ್ದು, ಕೈರೋದ ಬಳಿ ನೆಲೆಸಿ 1204ರಲ್ಲಿ ನಿಧನರಾದ ಮೂಸಾ ಬಿನ್ ಮೈಮೂನ್ ಅವರು, ಅಮಾಲೇಕ್ಯರಿಗೂ ಮೊದಲು ಶಾಂತಿಯ ಆಹ್ವಾನ ನೀಡಬೇಕೆಂದೂ ಅವರು ಒಪ್ಪಿಕೊಂಡರೆ ಕೊಲ್ಲಕೂಡದೆಂದೂ ವಿಧಿಸಿದರು. ಇನ್ನು ಕೆಲವರು ಅಮಾಲೇಕ್ ಎಂದರೆ ಮನುಷ್ಯನ ಒಳಗಿರುವ ದುಷ್ಪ್ರೇರಣೆ, ಅಳಿಸಬೇಕಾದುದು ಅದನ್ನೇ ಎಂದರು. ಬೈಬಲಿನ ಹೊರಗೆ ಅಮಾಲೇಕ್ಯರ ಕುರಿತು ಸಮಕಾಲೀನ ದಾಖಲೆಗಳೇ ದೊರೆತಿಲ್ಲ ಎಂಬುದೂ ಇಲ್ಲಿ ಉಲ್ಲೇಖಾರ್ಹ.

ಹೀಗೆ ಅವರ ವಿದ್ವಾಂಸರು ಶತಮಾನಗಳ ಕಾಲ ಭದ್ರವಾಗಿ ಮುಚ್ಚಿಟ್ಟ ಬಾಗಿಲನ್ನು ತೆರೆದವರು ಯಾರು? ರಾಜಕೀಯ ಶಕ್ತಿ ಮತ್ತು ಭೂಮಿಯ ಹಸಿವು. ಅದನ್ನು ಮೊದಲು ತೆರೆದವರು ಯಹೂದಿಯರೂ ಅಲ್ಲ. 1637ರಲ್ಲಿ ಉತ್ತರ ಅಮೇರಿಕದ ಮಿಸ್ಟಿಕ್ ಎಂಬಲ್ಲಿ ಇಂಗ್ಲಿಷ್ ವಲಸಿಗರು ಪೀಕ್ವೋಟ್ ಮೂಲನಿವಾಸಿಗಳ ಹಳ್ಳಿಗೆ ಬೆಂಕಿ ಹಚ್ಚಿ ನೂರಾರು ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ ಕೊಂದರು. ಆ ದಾಳಿಯ ನಾಯಕರಲ್ಲೊಬ್ಬರಾಗಿದ್ದ ಜಾನ್ ಅಂಡರ್‌ಹಿಲ್ ಮರುವರ್ಷ ಪ್ರಕಟಿಸಿದ ವೃತ್ತಾಂತದಲ್ಲಿ, ಕೆಲವೊಮ್ಮೆ ಹೆತ್ತವರೊಂದಿಗೆ ಮಕ್ಕಳೂ ನಾಶವಾಗಬೇಕೆಂಬುದು ಬೈಬಲಿನ ವಿಧಿಯೆಂದು ಸಮರ್ಥಿಸಿಕೊಂಡರು. 1689ರಲ್ಲಿ ಬೋಸ್ಟನ್ನಿನ ಪಾದ್ರಿ ಕಾಟನ್ ಮೇದರ್ ಸೈನಿಕರಿಗೆ ನೀಡಿದ ಪ್ರವಚನದಲ್ಲಿ ಮೂಲನಿವಾಸಿಗಳನ್ನು ಅಮಾಲೇಕ್ಯರಿಗೆ ಹೋಲಿಸಿದರು. ನೆಲ ಬೇಕಾದವನಿಗೆ ನೆಲದ ಮೇಲಿರುವವನು ಅಮಾಲೇಕ್ಯನಾಗಿ ಕಾಣುವುದು ಬಹಳ ಸುಲಭ.

1994ರ ಫೆಬ್ರವರಿ 25, ಶುಕ್ರವಾರ. ರಮಝಾನ್ ತಿಂಗಳು. ಹೆಬ್ರಾನಿನ ಇಬ್ರಾಹೀಮಿ ಮಸೀದಿಯಲ್ಲಿ ಫಜ್ರ್ ನಮಾಝ್‌ಗೆ ಸಾಲುಗಟ್ಟಿದ್ದವರ ಮೇಲೆ ಬಾರೂಖ್ ಗೋಲ್ಡ್‌ಸ್ಟೀನ್ ಎಂಬ, ಅಮೇರಿಕದಲ್ಲಿ ಹುಟ್ಟಿ ಪಕ್ಕದ ಕಿರ್ಯತ್ ಅರ್ಬಾದಲ್ಲಿ ನೆಲೆಸಿದ್ದ ವೈದ್ಯ ಗುಂಡಿನ ಮಳೆಗರೆದ. 29 ಮಂದಿ ಹುತಾತ್ಮರಾದರು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಂದು ಯಹೂದಿಯರ ಪೂರಿಮ್ ಹಬ್ಬ. ಆ ದಿನ ಬೆಳಿಗ್ಗೆ ಅವರ ಆರಾಧನಾಲಯಗಳಲ್ಲಿ ಓದುವುದು ತೌರಾತಿನ ಅಮಾಲೇಕ್ಯರ ಭಾಗವನ್ನೇ. ಎಂಥ ವಿಪರ್ಯಾಸ ನೋಡಿ. ಮಗುವಿನ ಮೇಲೆ ಎತ್ತಿದ ಕತ್ತಿಯನ್ನು ದೇವಾಜ್ಞೆಯಂತೆ ಕೆಳಗಿಳಿಸಿದ ಮಹಾಪುರುಷರ ಸಮಾಧಿಯ ಬಳಿಯಲ್ಲೇ, ಅವರ ಹೆಸರಿನ ಮಸೀದಿಯಲ್ಲೇ ಈ ನರಮೇಧ ನಡೆಯಿತು. ಪ್ರಧಾನಿ ಇಸಾಕ್ ರಾಬಿನ್ ಸಂಸತ್ತಿನಲ್ಲಿ ಅದನ್ನು ಖಂಡಿಸಿದರು. ಹಂತಕನ ಗೋರಿಯ ಸುತ್ತ ಎದ್ದು ನಿಂತಿದ್ದ ಸ್ಮಾರಕವನ್ನು 1999ರಲ್ಲಿ ಇಸ್ರೇಲ್ ಸರಕಾರವೇ ಕೆಡವಿತು. ಆದರೆ ಅದೇ ಹಂತಕನ ಚಿತ್ರವನ್ನು ತನ್ನ ಮನೆಯಲ್ಲಿ ವರ್ಷಗಳ ಕಾಲ ತೂಗುಹಾಕಿದ್ದ ಇತಮಾರ್ ಬೆನ್ ಗ್ವಿರ್ 2022ರ ಕೊನೆಯಲ್ಲಿ ರಾಷ್ಟ್ರೀಯ ಭದ್ರತೆಯ ಸಚಿವರಾದರು. ಖಂಡಿಸಿದ ರಾಬಿನ್ ಏನಾದರು? 1995ರ ನವೆಂಬರ್ 4ರಂದು ಒಬ್ಬ ಯಹೂದಿ ಯುವಕನೇ ಅವರನ್ನು ಗುಂಡಿಟ್ಟು ಕೊಂದ. ಅವನೂ ಧರ್ಮಶಾಸ್ತ್ರದ ವಿಧಿಯನ್ನೇ ಆಧಾರವಾಗಿ ಹೇಳಿಕೊಂಡ. ಸೌಲನ ಕತ್ತಿ ನೋಬ್ ಊರಿಗೆ ಬಂದ ಹಾಗೆಯೇ ಇದು.

ಇಷ್ಟನ್ನು ಓದಿ, ನೋಡಿ, ಯಹೂದಿಯರ ಧರ್ಮವೇ ಇಂಥದು ಎಂದು ನಮ್ಮಲ್ಲಿ ಯಾರಾದರೂ ಕೈತೊಳೆದುಕೊಳ್ಳುವುದಾದರೆ ಅದು ಘೋರ ಅನ್ಯಾಯ. ಶತಮಾನಗಳ ಕಾಲ ಕತ್ತಿಯ ಹಿಡಿ ಅವರ ಕೈಯಲ್ಲಿರಲಿಲ್ಲ, ಅಲಗು ಅವರ ಕತ್ತಿನ ಮೇಲಿತ್ತು. 1096ರಲ್ಲಿ ಶಿಲುಬೆ ಯೋಧರು ಜರ್ಮನಿಯ ಮೈನ್ಸ್ ಪಟ್ಟಣವನ್ನು ಮುತ್ತಿದಾಗ, ಬಲಾತ್ಕಾರದ ಮತಾಂತರಕ್ಕೆ ಒಡ್ಡುವ ಬದಲು ತಮ್ಮ ಮಕ್ಕಳನ್ನು ತಾವೇ ಕೊಂದ ಯಹೂದಿ ತಂದೆ ತಾಯಂದಿರನ್ನು ಹೀಬ್ರೂ ವೃತ್ತಾಂತಗಳು ಇಬ್ರಾಹೀಮರಿಗೆ ಹೋಲಿಸಿ ಕಣ್ಣೀರಿಟ್ಟಿವೆ. ಅಂದು ಅವರ ಪಾಲಿಗೆ ತಡೆಯುವ ಧ್ವನಿ ಬರಲಿಲ್ಲ. ಗಾಝಾದ ಯುದ್ಧವನ್ನು ವಿರೋಧಿಸಿ ಬೀದಿಗಿಳಿದವರಲ್ಲಿ ಅನೇಕ ಯಹೂದಿಯರೂ ಇದ್ದರೆಂಬುದನ್ನು ಮರೆಯಬಾರದು.

ಅಲ್ಲದೆ, ನಮ್ಮ ದೇಶದಲ್ಲಿ ನಾವೇ ಅನುಭವಿಸಿದ್ದೇನು? 1985ರಲ್ಲಿ ಕುರ್‌ಆನನ್ನು ನಿಷೇಧಿಸಬೇಕೆಂದು ಕಲ್ಕತ್ತಾ ಹೈಕೋರ್ಟಿನಲ್ಲಿ ಅರ್ಜಿ ಸಲ್ಲಿಸಲಾಯಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2021ರಲ್ಲಿ 26 ಸೂಕ್ತಗಳನ್ನು ತೆಗೆದುಹಾಕಬೇಕೆಂಬ ಅರ್ಜಿ ಸುಪ್ರೀಮ್ ಕೋರ್ಟಿಗೆ ಬಂತು. ಅದು ಅರ್ಜಿಯನ್ನು ವಜಾ ಮಾಡಿದ್ದಲ್ಲದೆ 50 ಸಾವಿರ ರೂಪಾಯಿ ದಂಡವನ್ನೂ ವಿಧಿಸಿತು. ಆಗೆಲ್ಲ ನಾವು ಹೇಳಿದ್ದು ಒಂದೇ ಮಾತು: ಸಂದರ್ಭದಿಂದ ಕಿತ್ತು ಓದಬೇಡಿ, ಹಿನ್ನೆಲೆಯನ್ನು ನೋಡಿ, ವಿದ್ವಾಂಸರು ಏನು ಹೇಳಿದ್ದಾರೆಂದು ಕೇಳಿ. ಈ ನ್ಯಾಯವನ್ನು ನಮಗಾಗಿ ಕೇಳುವವರು ಅದನ್ನು ಇತರರಿಗೂ ಕೊಡಬೇಕು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂದು ಕುರ್‌ಆನ್ ಬೋಧಿಸುವುದು ಇಂಥ ಸಂದರ್ಭಗಳಿಗಾಗಿಯೇ.

ಇನ್ನು, ಈ ಕಾಯಿಲೆ ನಮ್ಮ ಮನೆಗೆ ಬಂದಿಲ್ಲವೇ? ಖಂಡಿತ ಬಂದಿದೆ, ಅದೂ ಮೊದಲ ಶತಮಾನದಲ್ಲೇ. ತೀರ್ಪು ಅಲ್ಲಾಹನಿಗೆ ಮಾತ್ರ ಸೇರಿದ್ದೆಂಬ ಘೋಷಣೆಯೊಂದಿಗೆ ಹೊರಟ ಖವಾರಿಜ್‌ಗಳು ಪ್ರವಾದಿಯವರ ಅನುಯಾಯಿ ಖಬ್ಬಾಬರ(ರ) ಮಗ ಅಬ್ದುಲ್ಲಾರನ್ನೂ ಅವರ ಗರ್ಭಿಣಿ ಪತ್ನಿಯನ್ನೂ ಕೊಂದರು. 661ರಲ್ಲಿ ಹಝ್ರತ್ ಅಲಿಯವರನ್ನೇ(ರ) ಬಲಿ ತೆಗೆದುಕೊಂಡರು. ಅವರಲ್ಲಿನ ಅಝಾರಿಕ ಎಂಬ ಪಂಗಡವು ವಿರೋಧಿಗಳ ಮಕ್ಕಳನ್ನೂ ಕೊಲ್ಲಬಹುದೆಂದು ವಾದಿಸಿತು. ನಮ್ಮ ಕಾಲದಲ್ಲಿ, 2014ರ ಡಿಸೆಂಬರ್ 16ರಂದು ಪೇಶಾವರದ ಶಾಲೆಯೊಂದಕ್ಕೆ ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದ ಪಾಕಿಸ್ತಾನಿ ತಾಲಿಬಾನಿಗಳ ಬಾಯಲ್ಲಿದ್ದುದೂ ಧರ್ಮದ ಮಾತೇ.

ಈ ಸಂದರ್ಭದಲ್ಲಿ ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ವರದಿಯನ್ನು ನಮ್ಮ ಪ್ರತಿಯೊಂದು ಮನೆಯಲ್ಲೂ ಓದಿ ಹೇಳಬೇಕಾಗಿದೆ. ಖವಾರಿಜ್ ನಾಯಕ ನಜ್ದಾ ಎಂಬವನು ಇಬ್ನು ಅಬ್ಬಾಸರಿಗೆ(ರ) ಪತ್ರ ಬರೆದು ಕೆಲವು ಪ್ರಶ್ನೆಗಳನ್ನು ಕೇಳಿದನು. ಯುದ್ಧದಲ್ಲಿ ಮಕ್ಕಳನ್ನು ಕೊಲ್ಲಬಹುದೇ ಎಂಬುದು ಅವುಗಳಲ್ಲೊಂದು. ಸೂರಃ ಅಲ್‌ಕಹ್ಫ್ ಓದುವವರಿಗೆ ಗೊತ್ತಿರುವಂತೆ, ಖಿಝರ್(ಅ) ಒಬ್ಬ ಹುಡುಗನನ್ನು ಕೊಂದ ಪ್ರಸಂಗ ಅದರಲ್ಲಿದೆ. ಇಬ್ನು ಅಬ್ಬಾಸರು(ರ) ಕೊಟ್ಟ ಉತ್ತರದ ಸಾರ ಹೀಗಿದೆ: ಪ್ರವಾದಿಯವರು(ಸ) ಮಕ್ಕಳನ್ನು ಕೊಲ್ಲುತ್ತಿರಲಿಲ್ಲ, ನೀನೂ ಕೊಲ್ಲಬೇಡ, ಖಿಝರರಿಗೆ ಆ ಹುಡುಗನ ಬಗ್ಗೆ ತಿಳಿದಿದ್ದುದು ನಿನಗೂ ತಿಳಿದಿದ್ದರೆ ಮಾತು ಬೇರೆ. ಅಂದರೆ, ಅಂಥ ಅರಿವು ದೇವನಿಂದ ನೇರವಾಗಿ ಪಡೆದವನಿಗೆ ಮಾತ್ರ ಸಾಧ್ಯ. ಅದು ನಿನಗಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಆದ್ದರಿಂದ ಬಾಗಿಲು ಮುಚ್ಚಿದೆ.

ಭಯಂಕರ ಆಜ್ಞೆಗಳ ಕುರಿತಾದ ಎಲ್ಲ ಗೊಂದಲಗಳಿಗೂ ಈ ಉತ್ತರದಲ್ಲಿ ಬೀಗದ ಕೈಯಿದೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1798ರಲ್ಲಿ, ಮಗನನ್ನು ಕೊಲ್ಲಬಾರದೆಂಬುದು ಇಬ್ರಾಹೀಮರಿಗೆ ನಿಶ್ಚಿತವಾಗಿತ್ತು, ಕೇಳಿಸಿದ್ದು ದೇವನ ಧ್ವನಿಯೇ ಎಂಬುದು ನಿಶ್ಚಿತವಾಗಿರಲಿಲ್ಲ ಎಂದು ಆಕ್ಷೇಪಿಸಿದರು. ಪ್ರವಾದಿಗಳ ಸ್ವಪ್ನವು ದಿವ್ಯಬೋಧನೆಯೇ ಆಗಿರುತ್ತದೆ, ಅದರಲ್ಲಿ ಅವರಿಗೆ ಸಂಶಯವಿರುವುದಿಲ್ಲ ಎಂಬುದು ನಮ್ಮ ವಿಶ್ವಾಸ. ಆದ್ದರಿಂದ ಇಬ್ರಾಹೀಮರ(ಅ) ವಿಷಯದಲ್ಲಿ ಕಾಂಟ್‌ರ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಆದರೆ ಪ್ರವಾದಿಗಳಲ್ಲದ ಎಲ್ಲರ ವಿಷಯದಲ್ಲೂ ಅದು ನೂರಕ್ಕೆ ನೂರು ಸರಿ. ಪ್ರವಾದಿತ್ವ ಮುಹಮ್ಮದರೊಂದಿಗೆ(ಸ) ಮುಗಿಯಿತೆಂದು ನಂಬುವವನು, ಇನ್ನು ಯಾರ ಸ್ವಪ್ನವೂ ಯಾರ ಅಂತರ್ವಾಣಿಯೂ ಶರೀಅತ್‌ನ ವಿಧಿಯನ್ನು ಮೀರಲಾರದೆಂದು ನಂಬಲೇಬೇಕು. 2021ರ ಫೆಬ್ರವರಿಯಲ್ಲಿ ನೆರೆಯ ಕೇರಳದ ಪಾಲಕ್ಕಾಡ್‌ನಲ್ಲಿ ಆರು ವರ್ಷದ ಮಗನ ಹತ್ಯೆಗಾಗಿ ತಾಯಿಯೇ ಬಂಧಿತರಾದರು. ದೇವನಿಗೆ ಬಲಿ ಅರ್ಪಿಸಿದ್ದಾಗಿ ಆಕೆ ಪೊಲೀಸರಿಗೆ ಹೇಳಿದರೆಂದು ವರದಿಯಾಯಿತು. ಮನಸ್ಸಿನ ಅಸ್ವಾಸ್ಥ್ಯಕ್ಕೆ ಚಿಕಿತ್ಸೆ ಬೇಕು. ಆದರೆ ಅಸ್ವಸ್ಥ ಮನಸ್ಸಿಗೆ ಆ ಭಾಷೆಯನ್ನು ಒದಗಿಸದಂತೆ ನೋಡಿಕೊಳ್ಳುವ ಹೊಣೆ ಸಮುದಾಯದ್ದು.

ಹಾಗಾಗಿ ನಮ್ಮ ಖತೀಬರಲ್ಲೂ ಮದ್ರಸಾ ಅಧ್ಯಾಪಕರಲ್ಲೂ ತಾಯಿ ತಂದೆಯರಲ್ಲೂ ಒಂದು ವಿನಂತಿಯಿದೆ. ಬಕ್ರೀದ್‌ನ ದಿನ ಇಬ್ರಾಹೀಮರ(ಅ) ಕಥೆಯನ್ನು ಕತ್ತಿ ಎತ್ತುವಲ್ಲಿಗೆ ನಿಲ್ಲಿಸಬೇಡಿ. ಮಗನ ಅಭಿಪ್ರಾಯ ಕೇಳಿದ ತಂದೆಯನ್ನು ಮಕ್ಕಳಿಗೆ ಪರಿಚಯಿಸಿ. ಪರರ ಊರಿಗಾಗಿ ದೇವನ ಮುಂದೆ ವಾದಿಸಿದ ಇಬ್ರಾಹೀಮರನ್ನು ಪರಿಚಯಿಸಿ. ಬಲಿಪ್ರಾಣಿಯ ರಕ್ತ ಮಾಂಸಗಳು ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಧರ್ಮನಿಷ್ಠೆ ಎಂಬ ಬೋಧನೆಯನ್ನು ವಿವರಿಸಿ. ಯುದ್ಧದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದನ್ನು, ಸಿರಿಯಾಕ್ಕೆ ಹೊರಟ ಸೇನಾನಾಯಕನಿಗೆ ಹಝ್ರತ್ ಅಬೂಬಕರ್(ರ) ಫಲ ಕೊಡುವ ಮರವನ್ನೂ ಕಡಿಯಬೇಡಿರೆಂದು ತಾಕೀತು ಮಾಡಿದ್ದನ್ನು ಹೇಳಿಕೊಡಿ. ಗಾಝಾದ ಮಗುವಿಗಾಗಿ ಕಣ್ಣೀರಿಡುವ ನಮ್ಮ ಮಕ್ಕಳು ಅಕ್ಟೋಬರ್ 7ರಂದು ಸತ್ತ ಇಸ್ರೇಲಿ ಮಗುವಿನ ಸಾವನ್ನೂ ಸಾವೆಂದೇ ಕಾಣುವಷ್ಟು ದೊಡ್ಡ ಮನಸ್ಸಿನವರಾಗಿ ಬೆಳೆಯಲಿ.

ನಿರಪರಾಧಿಯಾದ ಒಬ್ಬನನ್ನು ಕೊಂದವನು ಇಡೀ ಮನುಕುಲವನ್ನು ಕೊಂದಂತೆ, ಒಬ್ಬನನ್ನು ಬದುಕಿಸಿದವನು ಇಡೀ ಮನುಕುಲವನ್ನು ಬದುಕಿಸಿದಂತೆ ಎಂಬ ಬೋಧನೆಯನ್ನು ಕೇಳದ ಮುಸ್ಲಿಮರಿಲ್ಲ. ಆದರೆ ಅದು ಮೊದಲು ಇಸ್ರಾಯೀಲ ಸಂತತಿಗಳಿಗೆ ವಿಧಿಸಲಾಗಿದ್ದ ಆಜ್ಞೆಯೆಂದು ಕುರ್‌ಆನ್ ಅದೇ ಸೂಕ್ತದಲ್ಲಿ ಹೇಳುತ್ತದೆ. ಯಹೂದಿಯರ ಮಿಶ್ನಾದಲ್ಲೂ ಇದೇ ಆಶಯದ ಮಾತಿದೆ. ಅಮಾಲೇಕ್ಯರ ಮೇಲಿನ ಆಜ್ಞೆ ಒಂದು ಕಾಲಕ್ಕೆ, ಒಂದು ಜನಾಂಗಕ್ಕೆ ಸಂಬಂಧಿಸಿದ್ದೆಂದೂ ಅದು ಮುಗಿದುಹೋಯಿತೆಂದೂ ಅವರದೇ ವಿದ್ವಾಂಸರು ಬರೆದಿಟ್ಟಿದ್ದಾರೆ. ಜೀವರಕ್ಷಣೆಯ ಆಜ್ಞೆ ಮಾತ್ರ ಎಂದೂ ಮುಗಿಯುವಂಥದ್ದಲ್ಲ. ಅದು ಅವರ ಮೇಲೂ ಇದೆ, ನಮ್ಮ ಮೇಲೂ ಇದೆ. ದೇವನನ್ನು ಭಯಪಡುವವರು ಪಾಲಿಸಬೇಕಾದ ಆಜ್ಞೆ ಇದುವೇ.